ರೋಡಾಳಿಗೆ ಬಂದ ಕಾರ್ಡುಗಳು

ವಿಸ್ಕಾನ್ಸಿನ್
ಆಗಸ್ಟ್ ೨೮, ೨೦೦೯

ಪ್ರೀತಿಯ ಸಲೋಮಕ್ಕಾ,

ಟೊಮೆಟೊ ಬೇಯಿಸಿ ಬಾಟಲಿಗೆ ತುಂಬುವ ಕಾಟ ಇವತ್ತಿಗೆ ಮುಗಿಯಿತು. ಕೊನೆಯ ಬಾಟಲಿಯ ಮುಚ್ಚಳ ಈಗಷ್ಟೇ ಟಕ್ಕೆಂದು ಕೂತಿತು. ಆ ಸದ್ದು ಕೇಳಿದ ಮೇಲೆಯೇ ನಿನಗೆ ಬರೆಯೋಣ ಎಂದು ಕಾದಿದ್ದೆ. ಕೈಯೆಲ್ಲ ಕೆಂಪಾಗಿದೆ, ಕಾಗದದ ಮೇಲೆ ಕಲೆ ಬಿದ್ದರೆ ಬೈಯಬೇಡ.

ನಮ್ಮ ಯಜಮಾನರು ಆಟ್ಲೀ ಓಟ್ಸ್ ಕೊಯ್ದು ಮುಗಿಸಿದ್ದಾರೆ. ಒಹಾಯೊ ಬಿಟ್ಟು ಬಂದು ಮೂರು ವರ್ಷವಾದರೂ ಇಲ್ಲಿಯ ಮಣ್ಣಿನ ಮೇಲೆ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ನಮ್ಮ ಆಮಿಶ್ ಪಂಥದ ಮನೆಗಳು ಇಲ್ಲಿ ಬೆರಳೆಣಿಕೆಯಷ್ಟೇ ಇರುವುದರಿಂದ ಭಾನುವಾರದ ಆರಾಧನೆಯ ಸರದಿ ಪ್ರತಿ ಮನೆಗೂ ಬೇಗ ಬೇಗ ಬರುತ್ತದೆ. ನವೆಂಬರಿನಲ್ಲಿ ನಮ್ಮ ಮನೆಯಲ್ಲಿ. ಗೋಡೆ ತೊಳೆಯುವುದನ್ನು ಈಗಿನಿಂದಲೇ ಶುರು ಮಾಡಬೇಕು. ಸಭೆಯ ಹಿರಿಯರ ಹೆಂಡತಿ ವಿಲ್ಮಕ್ಕ ನಿನಗೆ ಗೊತ್ತಲ್ಲ, ಒಲೆಯ ಹಿಂದೆ ಕೂಡ ಬಗ್ಗಿ ನೋಡುವ ಹೆಂಗಸು.

ರೋಡಾ ಚೆನ್ನಾಗಿದ್ದಾಳೆ. ಎಂಟೂವರೆ ವರ್ಷ ಎಂದರೆ ನಂಬಲಾಗುವುದಿಲ್ಲ, ಉದ್ದ ಆಗಿದ್ದಾಳೆ. ಹೋದ ಆರಾಧನೆಗೆ ನಾವಿಬ್ಬರೂ ಹೋಗಲಿಲ್ಲ, ಅವಳಿಗೆ ಸ್ವಲ್ಪ ಕೆಮ್ಮಿತ್ತು. ಅದರ ಹಿಂದಿನದಕ್ಕೂ ಕೆಮ್ಮಿತ್ತು. ಶಾಲೆ ಶುರುವಾಗಿದೆ. ಟೀಚರ್ ಹೊಸಬಳು, ಎಳೆಯ ಹುಡುಗಿ, ಅನುಭವ ಸಾಲದು.

ನಿನ್ನ ಮಗ ಐವನ್ ಹೇಗಿದ್ದಾನೆ? ಮಗಳು ಲೇಯಾಗೆ ವಾಂತಿ ನಿಂತಿತೇ? ಮೊದಲ ಬಸಿರು, ಭಾರ ಎತ್ತಿಸಬೇಡ.

ಕಲೆ ಬಿದ್ದೇ ಬಿಟ್ಟಿತು ನೋಡು.
ನಿನ್ನ ಮ್ಯಾಟಿ

*

ಒಹಾಯೊ
ಸೆಪ್ಟೆಂಬರ್ ೯

ಮ್ಯಾಟಿ,

ಭಾನುವಾರಕ್ಕೆ ಮಾತ್ರ ಬರುವ ಕೆಮ್ಮನ್ನು ನಾನು ಇದುವರೆಗೆ ಕಂಡಿಲ್ಲ. ಅದಕ್ಕೆ ಯಾವ ಔಷಧಿ ಕೊಡುತ್ತಿದ್ದೀಯ, ನನಗೂ ಬರೆದು ಕಳಿಸು.

ಸಿಟ್ಟಾಗಬೇಡ. ಹೋದ ವಾರದ ಮದುವೆಗೆ ನಿಮ್ಮ ಕಡೆಯವರು ಬಂದಿದ್ದರು. ಪಾತ್ರೆ ಒರೆಸುತ್ತಾ ಒಬ್ಬಾಕೆ, ನಾನು ನಿನ್ನ ಅಕ್ಕ ಎಂದು ತಿಳಿಯದೆ, ಎಲ್ಲ ಹೇಳಿದಳು. ಹಾಡು ಎತ್ತಿದ ಕೂಡಲೇ ರೋಡಾ ಕಿವಿ ಮುಚ್ಚಿ ಕಿರುಚುತ್ತಾಳಂತೆ. ನೀನು ಅವಳನ್ನು ಎತ್ತಿಕೊಂಡು ಕೊಟ್ಟಿಗೆಗೆ ಓಡುತ್ತೀಯಂತೆ, ಆರಾಧನೆ ಮುಗಿದರೂ ಒಳಗೆ ಬರುವುದಿಲ್ಲವಂತೆ. "ತಾಯಿ ಬಹಳ ಮೆತ್ತಗೆ, ಮಗು ಗಟ್ಟಿ. ಆ ಮನೇಲಿ ಯಾರು ದೊಡ್ಡವರು ಅಂತ್ಲೇ ಗೊತ್ತಾಗಲ್ಲ" ಎಂದಳು. ನಾನು ಒರೆಸುತ್ತಿದ್ದ ತಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತೆ. ನನ್ನ ತಂಗಿ ಎಂದು ಹೇಳಲು ನಾಲಿಗೆ ಬರಲಿಲ್ಲ. ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ನಾನು ಆರು ಮಕ್ಕಳನ್ನು ಸಾಕಿದವಳು. ಅವಳಿಗೆ ನಿನ್ನ ಹೆದರಿಕೆ ಇಲ್ಲ, ಅಷ್ಟೇ. ಒಮ್ಮೆ ಗಟ್ಟಿಯಾಗಿ ಕೂರಿಸು. ಎದ್ದರೆ ಒಂದು ಏಟು ಕೊಡು, ಮತ್ತೆ ಕೂರಿಸು. ಎರಡು ಮೂರು ಭಾನುವಾರದಲ್ಲಿ ದಾರಿಗೆ ಬರುತ್ತಾಳೆ. ಆಮೇಲೆ ನನ್ನನ್ನು ನೆನೆಯುತ್ತೀಯ.

ಐವನ್ ಈಗ ಆರಾಧನೆಗೆ ಬಂದವರಿಗೆಲ್ಲ ಹಾಡಿನ ಪುಸ್ತಕ ಹಂಚುತ್ತಾನೆ. ಗಡ್ಡದ ಮುದುಕರೆಲ್ಲ ಅವನ ಕೈಕುಲುಕಿಯೇ ಕೂರಬೇಕು, ಇಲ್ಲದಿದ್ದರೆ ಪುಸ್ತಕ ಕೊಡುವುದಿಲ್ಲ. ಲೇಯಾ ಚೆನ್ನಾಗಿದ್ದಾಳೆ. ಡಿಸೆಂಬರಿಗೆ ಹೆರಿಗೆ. ಸೂಲಗಿತ್ತಿ ಕ್ಲಾರಾ ಇದ್ದರೂ ಮಗುವನ್ನು ಮೊದಲು ಅಮ್ಮನೇ ಹಿಡಿಯಬೇಕು ಎಂದು ಹಟ ಹಿಡಿದಿದ್ದಾಳೆ. ಕ್ಲಾರಾ ಜೊತೆ ಹೆರಿಗೆಗಳ ಸಹಾಯಕ್ಕೆ ಇಷ್ಟು ವರ್ಷ ಓಡಾಡಿದ್ದಕ್ಕೆ ಸ್ವಂತ ಮೊಮ್ಮಗುವನ್ನು ಹಿಡಿಯುವ ಭಾಗ್ಯ ಬಂತು.

ಸಲೋಮಾ

*

ವಿಸ್ಕಾನ್ಸಿನ್
ಸೆಪ್ಟೆಂಬರ್ ೨೧

ಅಕ್ಕಾ,

ಏಟು ಕೊಟ್ಟಿದ್ದೇನೆ. ನೀನು ಹೇಳುವುದಕ್ಕೆ ಮೊದಲೇ ಕೊಟ್ಟಿದ್ದೇನೆ, ನೀನು ಹೇಳಿದ ಮೇಲೂ ಕೊಟ್ಟೆ. ಏಟು ತಿಂದು ಅವಳು ನನ್ನ ಮುಖ ನೋಡಿ "ಅಮ್ಮಾ, ಇನ್ನೂ ಎಷ್ಟಿದೆ?" ಎಂದು ಕೇಳಿದಳು. ಹಟಕ್ಕಲ್ಲ ಅಕ್ಕಾ, ನಿಜವಾಗಿ ತಿಳಿಯಬೇಕು ಎನ್ನುವ ಹಾಗೆ. ನನ್ನ ಕೈ ಅಲ್ಲೇ ನಿಂತಿತು.

ನಿನಗೆ ಗೊತ್ತಿಲ್ಲದ್ದು ಇನ್ನೂ ಇದೆ. ಪಾತ್ರೆ ಒರೆಸಿದಾಕೆಗೆ ಇದು ತಿಳಿದಿರಲಿಲ್ಲ ಎಂದು ಕಾಣುತ್ತದೆ. ಶಾಲೆಯಲ್ಲಿ ರೋಡಾ ಟೀಚರ್ ಕೈ ಕಚ್ಚಿದಳು, ರಕ್ತ ಬರುವ ಹಾಗೆ. ಹುಡುಗರು ಬೆಂಚು ಎಳೆದಾಡಿ ಸದ್ದು ಮಾಡಿದ್ದಕ್ಕೆ. ಶಾಲೆ ನಡೆಸುವವರು, ಮಕ್ಕಳ ಅಪ್ಪಂದಿರು, ಮೂವರೂ ಮನೆಗೆ ಬಂದು, ಟೋಪಿ ಕೂಡ ತೆಗೆಯದೆ, ಇವಳನ್ನು ಈ ವರ್ಷ ಮನೆಯಲ್ಲೇ ಇಟ್ಟುಕೊಂಡರೆ ಒಳ್ಳೆಯದು ಎಂದರು. ಆಟ್ಲೀ ತಲೆ ತಗ್ಗಿಸಿ ಕೂತಿದ್ದರು. ಉಡುಪಿಗೆ ಗುಂಡುಪಿನ್ನು ಚುಚ್ಚಿದರೆ ಅವಳು ಸಹಿಸುವುದಿಲ್ಲ. ಅದಕ್ಕೆ ಒಳಗಡೆ ಕದ್ದು ಗುಂಡಿ ಹೊಲಿದಿದ್ದೇನೆ. ನಮ್ಮ ಸಭೆಯಲ್ಲಿ ಗುಂಡಿ ಸಲ್ಲದು ಎಂದು ಗೊತ್ತು. ವಿಲ್ಮಕ್ಕನ ಕಣ್ಣಿಗೆ ಯಾವತ್ತು ಬೀಳುತ್ತದೋ ಎಂದು ಪ್ರತಿ ಸಲ ಅವಳ ಏಪ್ರನ್ ಎಳೆದು ಮುಚ್ಚುತ್ತೇನೆ.

ನಿನ್ನ ಐವನ್‌ನನ್ನು ನೋಡಿದ ಕೂಡಲೇ, ಹುಟ್ಟಿನಿಂದಲೇ ಬುದ್ಧಿ ಬೆಳೆಯದವನು ಎಂದು ಮುಖದಲ್ಲೇ ಜನಕ್ಕೆ ತಿಳಿಯುತ್ತದೆ. ದೇವರ ಮಗು ಎಂದು ಮುದ್ದು ಮಾಡುತ್ತಾರೆ. ನನ್ನ ಮಗಳ ಮುಖ ನೋಡಿದರೆ ಏನೂ ಕಾಣುವುದಿಲ್ಲ. ಹಾಗಾಗಿ ತಪ್ಪೆಲ್ಲ ನನ್ನ ಮುಖದ ಮೇಲೆ ಹುಡುಕುತ್ತಾರೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಅಕ್ಕಾ. ಇಂಥದ್ದಕ್ಕೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು.

ಇರಲಿ, ಈಗ ನೀವೆಲ್ಲ ಸುಮ್ಮನಾಗಬಹುದು. ಕಾರಿನವನನ್ನು ಕರೆದುಕೊಂಡು ಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಬಹಳ ಹೊತ್ತು ನೋಡಿದರು. ಹುಟ್ಟುವಾಗ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಲ್ಲ, ಆಗ ಮಿದುಳಿಗೆ ಉಸಿರು ಸಾಲದೆ ಆದದ್ದಂತೆ ಇದೆಲ್ಲ. ಪೆಟ್ಟಿನಿಂದ ಹೋಗುವಂಥದ್ದಲ್ಲ, ನಾನು ಮೆತ್ತಗಾಗಿದ್ದರಿಂದ ಬಂದದ್ದೂ ಅಲ್ಲ. ಮುಂದಿನ ಸಲ ಯಾರಾದರೂ ಪಾತ್ರೆ ಒರೆಸುವಾಗ ಕೇಳಿದರೆ ಹೇಳು.

ಮ್ಯಾಟಿ

*

ಒಹಾಯೊ
ಅಕ್ಟೋಬರ್ ೧

ಮ್ಯಾಟಿ,

ನಿನ್ನ ಕಾಗದ ಬಂತು.

ಡಾಕ್ಟರು ಬೇರೆ ಏನು ಹೇಳಿದರು? ಹುಟ್ಟಿದ ದಿನದ ಬಗ್ಗೆ ಏನು ಕೇಳಿದರು? ಆ ದಿನ ಹಿಮದಲ್ಲಿ ಕ್ಲಾರಾಳ ಕಾರು ಸಿಕ್ಕಿಬಿದ್ದು ಅವಳು ಬಂದಾಗ ಎಲ್ಲ ಮುಗಿದಿತ್ತು. ಬಳ್ಳಿ ಬಿಡಿಸಿದ್ದು ನಾನೇ. ಎರಡು ಸುತ್ತು ಇತ್ತು. ಬೇಗ ಬಿಡಿಸಿದೆ ಎಂದು ನನ್ನ ನೆನಪು. ಅವಳು ಕೂಡಲೇ ಅತ್ತಳು ಎಂದೂ ನೆನಪು. ನಿನಗೆ ಹೇಗೆ ನೆನಪಿದೆ? ಅತ್ತಳಲ್ಲವೇ?

ಬರೆ.
ಸಲೋಮಾ

*

ವಿಸ್ಕಾನ್ಸಿನ್
ಅಕ್ಟೋಬರ್ ೧೧

ಸಲೋಮಕ್ಕಾ,

ಏಟು ಕೊಡು ಎಂದದ್ದಕ್ಕೆ ಒಂದು ತಪ್ಪಾಯಿತು ಎನ್ನುವ ಮಾತಾದರೂ ಬರುತ್ತದೆ ಎಂದು ಕಾದೆ. ಬಂದದ್ದು ಪ್ರಶ್ನೆಗಳು. ನಿನಗೆ ನಂಬಿಕೆ ಇಲ್ಲ ಎಂದು ತಿಳಿಯಿತು. ಡಾಕ್ಟರ ಮಾತಿಗೂ ಸಾಕ್ಷಿ ಬೇಕೇ ನಿನಗೆ? ಚಿಕ್ಕಂದಿನಿಂದ ನೀನು ಹೀಗೇ, ಜ್ವರ ಬಂದಿದೆ ಎಂದರೂ ಹಣೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ.

ನನಗೆಲ್ಲಿ ನೆನಪಿರುತ್ತದೆ? ನಾನು ಹೆರುತ್ತಿದ್ದೆ, ಲೆಕ್ಕ ಇಡುತ್ತಿರಲಿಲ್ಲ. ಮೊದಲ ಕೆಲವು ನಿಮಿಷ ಬಹಳ ಮುಖ್ಯವಂತೆ, ಹೊರಗೆ ನೋಡುವುದಕ್ಕೆ ಎಲ್ಲ ಸರಿ ಇದ್ದ ಹಾಗೆ ಕಂಡರೂ ಒಳಗೆ ಆಗುವುದು ಆಗಿರುತ್ತದಂತೆ. ಇನ್ನು ಅದನ್ನು ಕೆದಕಬೇಡ.

ರೋಡಾ ಈಗ ಮನೆಯಲ್ಲೇ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಅಡುಗೆಮನೆಯ ನೆಲದ ಉದ್ದಕ್ಕೂ ಸಾಲಾಗಿ ಇಡುತ್ತಾಳೆ. ಯಾರಾದರೂ ದಾಟಿದರೆ ಮೊದಲಿನಿಂದ ಶುರು. ಆಟ್ಲೀ ಈಗ ಹಿತ್ತಲ ಬಾಗಿಲಿಂದಲೇ ಒಳಗೆ ಬರುವುದನ್ನು ಕಲಿತಿದ್ದಾರೆ.

ಈ ಸಲ ಐವನ್ ಸುದ್ದಿ, ಲೇಯಾ ಸುದ್ದಿ ಒಂದೂ ಬರೆಯಲಿಲ್ಲ ನೀನು.

ಮ್ಯಾಟಿ

*

ಒಹಾಯೊ
ಅಕ್ಟೋಬರ್ ೧೯

ಪ್ರೀತಿಯ ಮ್ಯಾಟಿ,

ಏಟು ಕೊಡು ಎಂದು ಬರೆದದ್ದು ತಪ್ಪಾಯಿತು. ಮನಸ್ಸಿನಿಂದ ಬರೆಯುತ್ತಿದ್ದೇನೆ. ನಿನ್ನನ್ನು ನಂಬದೆ ಕೇಳಿದ್ದಲ್ಲ.

ನನ್ನ ಕೈಲಿ ಆಗುವುದು ಕಡಿಮೆ, ಆದದ್ದನ್ನು ಮಾಡಿದ್ದೇನೆ. ನಮ್ಮ ಜನರ ವಾರಪತ್ರಿಕೆಗೆ ರೋಡಾಳ ಬಗ್ಗೆ ಬರೆದು ಕಳಿಸಿದೆ. ಕಾಯಿಲೆಯವರಿಗೆ ಕಾರ್ಡು ಕಳಿಸಿ ಎಂದು ಕೇಳುವ ಅಂಕಣ ಇದೆಯಲ್ಲ, ಅದಕ್ಕೆ. ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾದ ಎಂಟು ವರ್ಷದ ಹುಡುಗಿ, ಶಾಲೆಗೂ ಹೋಗಲಾರದೆ ಮನೆಯಲ್ಲಿದ್ದಾಳೆ, ಅವಳಿಗೆ ಕಾರ್ಡುಗಳ ಮಳೆ ಸುರಿಸಿ ಎಂದು ಬರೆದೆ. ನಿಮ್ಮ ವಿಳಾಸ ಕೊಟ್ಟಿದ್ದೇನೆ. ಈ ವಾರವೇ ಬರುತ್ತದೆ. ಇನ್ನು ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ.

ಐವನ್ ಚೆನ್ನಾಗಿದ್ದಾನೆ. ಲೇಯಾಗೆ ಕಾಲು ಸ್ವಲ್ಪ ಊದಿದೆ. ನನಗೆ ಬೆನ್ನು ನೋವು, ಕ್ಲಾರಾ ಜೊತೆ ಹೆರಿಗೆಗೆ ಹೋಗುವುದು ಬಿಟ್ಟಿದ್ದೇನೆ.

ಸಲೋಮಾ

*

ವಿಸ್ಕಾನ್ಸಿನ್
ನವೆಂಬರ್ ೬

ಅಕ್ಕಾ,

ಏನು ಮಾಡಿದೆ ಮಾರಾಯ್ತಿ ನೀನು!

ನಮ್ಮ ಟಪಾಲು ಡಬ್ಬಿಯ ಬಾಗಿಲು ಮುಚ್ಚುವುದಿಲ್ಲ. ಟಪಾಲಿನವನು ಕೊನೆಗೆ ಸೋತು ಒಂದು ಚೀಲದಲ್ಲಿ ತುಂಬಿ ಮೆಟ್ಟಿಲ ಮೇಲೆ ಇಟ್ಟು ಹೋದ. ಪೆನ್ಸಿಲ್ವೇನಿಯಾದಿಂದ, ಇಂಡಿಯಾನಾದಿಂದ, ಕೆನಡಾದಿಂದಲೂ ಬಂದಿವೆ. ಹಕ್ಕಿ, ಕುದುರೆ, ಹೂವು, ಬೆಕ್ಕಿನ ಮರಿ. ಯಾರೋ ಮುದುಕಿ ಪಾಪ, ನಡುಗುವ ಕೈಯಲ್ಲಿ "ನಿನಗಾಗಿ ದಿನಾ ಪ್ರಾರ್ಥನೆ ಮಾಡುತ್ತೇನೆ ಕೂಸೇ" ಎಂದು ಬರೆದಿದ್ದಾಳೆ. ಒಂದು ಶಾಲೆಯ ಮಕ್ಕಳೆಲ್ಲ ಸೇರಿ ಕಳಿಸಿದ್ದಾರೆ. ರೋಡಾಗೆ ಬೇರೆ ಲೋಕ ಬೇಡ. ಕ್ಲಿಪ್ಪು ಬಿಟ್ಟು ಕಾರ್ಡು ಹಿಡಿದಿದ್ದಾಳೆ. ಹಕ್ಕಿಯ ಜೊತೆ ಹಕ್ಕಿ, ಕುದುರೆಯ ಜೊತೆ ಕುದುರೆ. ಹೂವಿನ ಮೇಲೆ ಹಕ್ಕಿ ಕೂತಿದ್ದರೆ ಎಲ್ಲಿಡುವುದು ಎಂದು ಊಟ ಬಿಟ್ಟು ಯೋಚಿಸುತ್ತಾಳೆ.

ಪತ್ರಿಕೆ ಇಲ್ಲಿಯವರೂ ಓದುತ್ತಾರೆ ಎಂದು ನಿನಗೆ ಹೇಳಬೇಕಾಗಿಲ್ಲ. ಬುಧವಾರ ಬಂತು, ಗುರುವಾರ ವಿಲ್ಮಕ್ಕ ಬಾಗಿಲಲ್ಲಿ. ಕೈಯಲ್ಲಿ ಸೇಬಿನ ಪೈ. "ಮೊದ್ಲೇ ಹೇಳಬಾರ್ದಿತ್ತೇನೇ ಹುಡುಗಿ? ನಾವೆಲ್ಲ ಏನೇನೋ ಅಂದ್ಕೊಂಡ್ವಿ" ಎಂದು ನನ್ನ ಕೈ ಹಿಡಿದು ಅತ್ತರು. ರೋಡಾಳ ಉಡುಪಿನ ಒಳಗೆ ಗುಂಡಿ ಕಂಡರೂ ಕಾಣದ ಹಾಗೆ ಇದ್ದರು. ಶಾಲೆಯ ಅಪ್ಪಂದಿರು ಮತ್ತೆ ಬಂದರು, ಈ ಸಲ ಟೋಪಿ ಕೈಯಲ್ಲಿ. ಟೀಚರಿಗೆ ಸಹಾಯಕ್ಕೆ ಒಬ್ಬಳನ್ನು ಇಡುತ್ತಾರಂತೆ, ಕ್ರಿಸ್ಮಸ್ ಆದಮೇಲೆ ರೋಡಾ ಬರಲಿ ಎಂದರು. ಆಟ್ಲೀ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ಒಳಗೆ ಬಂದು ನನ್ನ ಮುಖ ಒಂದು ಗಳಿಗೆ ನೋಡಿ ಹಾಲು ಕರೆಯಲು ಹೋದರು.

ಇಪ್ಪತ್ತೆರಡಕ್ಕೆ ನಮ್ಮ ಮನೆಯಲ್ಲಿ ಆರಾಧನೆ. ಗೋಡೆ ತೊಳೆಯಲು ಹೆಂಗಸರೆಲ್ಲ ಬರುತ್ತಿದ್ದಾರೆ. ಎಲ್ಲರೂ ಇಷ್ಟು ಒಳ್ಳೆಯವರು ಎಂದು ನನಗೆ ತಿಳಿದಿರಲಿಲ್ಲ. ಸಂತೋಷ ಪಡಬೇಕು. ಆದರೆ ಯಾರಾದರೂ ಪಾತ್ರೆ ಹಿಡಿದು ಅಂಗಳಕ್ಕೆ ಬಂದರೆ ಕೊಟ್ಟಿಗೆಯಲ್ಲಿ ಅಡಗಿಕೊಳ್ಳೋಣ ಎನಿಸುತ್ತದೆ.

ನಿನ್ನ ಬೆನ್ನಿಗೆ ಬಿಸಿ ಇಟ್ಟಿಗೆ ಕಟ್ಟಿಕೋ.
ಮ್ಯಾಟಿ

*

ಒಹಾಯೊ
ನವೆಂಬರ್ ೧೪

ಮ್ಯಾಟಿ,

ನನ್ನ ಬೆನ್ನು ನೆಟ್ಟಗಿದೆ. ಸುಳ್ಳು ಬರೆದಿದ್ದೆ.

ನಿನ್ನ ಸೆಪ್ಟೆಂಬರಿನ ಕಾಗದ ಬಂದಂದಿನಿಂದ ನಾನು ಆ ದಿನವನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮಗುವಿನ ತಲೆ ಬಂತು, ಬಳ್ಳಿ ಕಂಡಿತು, ಬೆರಳು ತೂರಿಸಿದೆ, ಮೊದಲ ಸುತ್ತು ಬಂತು, ಎರಡನೆಯದು ಬಿಗಿಯಾಗಿತ್ತು. ಎಷ್ಟು ಹೊತ್ತು ಹಿಡಿಯಿತು? ಅಷ್ಟು ಹೊತ್ತಲ್ಲ ಎಂದು ಒಂದು ದಿನ ಅನಿಸುತ್ತದೆ, ಬಹಳ ಹೊತ್ತಾಯಿತು ಎಂದು ಇನ್ನೊಂದು ದಿನ. ಅವಳು ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಅದು ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡದ್ದೇನೋ. ನಿನ್ನನ್ನು ಕೇಳಿದೆ, ನೆನಪಿಲ್ಲ ಎಂದೆ. ನೀನು ನನ್ನ ಮನಸ್ಸು ನೋಯಿಸಬಾರದೆಂದು ಹಾಗೆ ಬರೆದೆ ಎಂದು ತಿಳಿದುಕೊಂಡೆ. ನೀನು ಯಾವಾಗಲೂ ಹಾಗೆ, ಕೇಳಿದ್ದಕ್ಕೆ ನೇರ ಉತ್ತರ ಕೊಡದಿದ್ದರೆ ಒಳಗೆ ಏನೋ ಇರುತ್ತದೆ.

ಆ ಮಗುವಿನ ಜೀವನ ನನ್ನ ಕೈಯಲ್ಲಿ ಕೆಟ್ಟಿತು, ಅದರ ಮೇಲೆ ಅವಳಿಗೆ ಏಟು ಕೊಡು ಎಂದು ನಿನಗೆ ಬರೆದವಳೂ ನಾನೇ. ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರ ಮಗುವಿಗೆ ಕೈ ಚಾಚಲಿ? ಕ್ಲಾರಾಗೆ ಹೇಳಿದೆ, ನಾನು ಇನ್ನು ಬರುವುದಿಲ್ಲ ಎಂದು. ಲೇಯಾಗೂ ಹೇಳಿದೆ. ಅವಳು ಅತ್ತಳು. "ಅಮ್ಮಾ, ನನ್ ಮೇಲೆ ನಿಂಗೇನು ಸಿಟ್ಟು?" ಎಂದು ಕೇಳಿದಳು. ಕಾರಣ ಹೇಳಲಿಲ್ಲ. ಮೊದಲು ನಿನ್ನ ಕ್ಷಮೆ ಕೇಳಬೇಕಲ್ಲ.

ಕೇಳುತ್ತಿದ್ದೇನೆ. ಕ್ಷಮಿಸಿದ್ದೇನೆ ಎಂದು ಸುಮ್ಮನೆ ಬರೆಯಬೇಡ. ಆಗದಿದ್ದರೆ ಆಗದು ಎಂದೇ ಬರೆ.

ನಿನ್ನ ಅಕ್ಕ

*

ವಿಸ್ಕಾನ್ಸಿನ್
ನವೆಂಬರ್ ೨೩, ಸೋಮವಾರ

ಅಕ್ಕಾ,

ಮೊದಲು ಇದನ್ನು ಓದು. ಆಮೇಲೆ ಬೇಕಾದರೆ ಉಳಿದದ್ದು ಓದು, ಬೇಡವಾದರೆ ಬಿಡು. ಅವಳು ಅತ್ತಳು. ಕೂಡಲೇ ಅತ್ತಳು. ನೀನಿನ್ನೂ ಟವೆಲ್ ಎತ್ತಿಕೊಂಡಿರಲಿಲ್ಲ, ಅಷ್ಟರಲ್ಲೇ ಕಿರುಚಿದಳು. ನನಗೆ ಚೆನ್ನಾಗಿ ನೆನಪಿದೆ. ಅದನ್ನು ಮರೆಯುವ ತಾಯಿ ಇರುತ್ತಾಳೇನೇ?

ಡಾಕ್ಟರು ಉಸಿರಿನ ಮಾತು ಹೇಳಲೇ ಇಲ್ಲ. ನಾನು ಕಟ್ಟಿದ್ದು.

ಆ ಆಸ್ಪತ್ರೆಯಲ್ಲಿ ಮೂವರು ನೋಡಿದರು. ಒಬ್ಬರು ಇದು ಗಮನ ನಿಲ್ಲದ ತೊಂದರೆ ಎಂದರು. ಇನ್ನೊಬ್ಬಾಕೆ ಆಟಿಸಂ ಇರಬಹುದು, ಆದರೆ ಕಣ್ಣಲ್ಲಿ ಕಣ್ಣಿಟ್ಟು ಚೆನ್ನಾಗಿ ಮಾತಾಡುತ್ತಾಳಲ್ಲ, ಪೂರ್ತಿ ಹೊಂದುವುದಿಲ್ಲ ಎಂದರು. ಮೂರನೆಯವರು ಭಯದ ಮಗು, ಸದ್ದಿನ ಭಯ ಎಂದರು. ಕೊನೆಗೆ ಮೂವರೂ ಸೇರಿ ಇನ್ನೊಂದು ವರ್ಷ ನೋಡೋಣ ಎಂದರು. ನಾನು ನಾಚಿಕೆ ಬಿಟ್ಟು "ಒಂದು ಹೆಸರು ಕೊಡಿ, ಯಾವುದಾದ್ರೂ ಆಗ್ಲಿ" ಎಂದು ಬೇಡಿದೆ. "ಇಲ್ಲದ ಹೆಸರನ್ನ ಹೆಂಗ್ ಕೊಡ್ಲಮ್ಮ?" ಎಂದರು ಒಬ್ಬರು. ಹೆರಿಗೆ ಹೇಗಾಯಿತು ಎಂದು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದ್ದರು, ಬಳ್ಳಿಯ ಸಂಗತಿ ಹೇಳಿದ್ದೆ, ಮಗು ಕೂಡಲೇ ಅತ್ತಿದ್ದರೆ ಚಿಂತೆ ಇಲ್ಲ ಎಂದು ಮುಂದಕ್ಕೆ ಹೋದರು. ದಾರಿಯುದ್ದಕ್ಕೂ ಕಾರಿನಲ್ಲಿ ಕೂತು ನಾನು ಅದನ್ನೇ ತಿರುಗಿಸಿದೆ. ಮನೆಗೆ ಬಂದರೆ ಉತ್ತರ ಬರೆಯದ ನಿನ್ನ ಏಟಿನ ಕಾಗದ ಇನ್ನೂ ಮೇಜಿನ ಮೇಲಿತ್ತು. ಬರೆದುಬಿಟ್ಟೆ.

ಬಳ್ಳಿ ಎಂದು ಬರೆಯುವಾಗ ಅದರ ಮೇಲಿದ್ದ ಕೈ ಯಾರದು ಎಂದು ನನಗೆ ಹೊಳೆಯಲೇ ಇಲ್ಲ. ದೇವರಾಣೆ ಎನ್ನಲು ನಮ್ಮಲ್ಲಿ ಬಿಡುವುದಿಲ್ಲ, ಆದರೂ ನಂಬು. ನನಗೆ ನನ್ನ ಮುಖ ಉಳಿಸಿಕೊಳ್ಳುವುದಷ್ಟೇ ಕಾಣುತ್ತಿತ್ತು. ನೀನು ಅತ್ತಳಲ್ಲವೇ ಎಂದು ಕೇಳಿದಾಗ ನನ್ನ ಸುಳ್ಳು ಹಿಡಿಯುತ್ತಿದ್ದೀಯ ಎಂದುಕೊಂಡೆ.

ನಿನ್ನ ಕಾಗದ ಬುಧವಾರ ಬಂತು. ಬುಧವಾರವೇ ಬರೆಯಬೇಕಿತ್ತು. ಬರೆಯಲಿಲ್ಲ. ಭಾನುವಾರ ಆರಾಧನೆ, ಆಮೇಲೆ ಶಾಲೆ. ಅದೊಂದು ಆಗಿಬಿಡಲಿ, ನಿನಗೆ ಮಾತ್ರ ಗುಟ್ಟಾಗಿ ಬರೆದರಾಯಿತು, ಇಲ್ಲಿಯವರಿಗೆ ಯಾಕೆ ತಿಳಿಯಬೇಕು ಎಂದು ಲೆಕ್ಕ ಹಾಕಿದೆ. ನೀನು ಅಲ್ಲಿ ಕುದಿಯುತ್ತಿದ್ದಾಗ ನಾನು ಇಲ್ಲಿ ಉಪ್ಪಿನಕಾಯಿ ಬಾಟಲಿ ಒರೆಸುತ್ತಾ ಈ ಲೆಕ್ಕ ಹಾಕಿದೆ. ಕಾಗದ ಏಪ್ರನ್ ಜೇಬಿನಲ್ಲಿತ್ತು.

ಶನಿವಾರ ಬೆಂಚುಗಳ ಗಾಡಿ ಬಂತು. ಗಂಡಸರು ಎಲ್ಲ ಕೋಣೆಗಳಲ್ಲೂ ಬೆಂಚು ಸಾಲಾಗಿ ಹಾಕಿ ಹೋದರು. ಸಾಲು ಎಂದರೆ ರೋಡಾಗೆ ಪ್ರಾಣ. ಭಾನುವಾರ ಬೆಳಿಗ್ಗೆ ನಾನು ಕಾಫಿಗೆ ನೀರಿಡುತ್ತಿದ್ದಾಗ ಅವಳು ಕಾರ್ಡಿನ ಚೀಲ ಎಳೆದುಕೊಂಡು ಹೋಗಿ, ಒಬ್ಬೊಬ್ಬರು ಕೂರುವ ಜಾಗದಲ್ಲಿ ಒಂದೊಂದು ಕಾರ್ಡು ಇಟ್ಟಿದ್ದಾಳೆ. ಗಂಡಸರ ಕಡೆ ಕುದುರೆ, ಹೆಂಗಸರ ಕಡೆ ಹೂವು, ಮಕ್ಕಳಿಗೆ ಬೆಕ್ಕಿನ ಮರಿ. ಬಿಷಪ್ಪರಿಗೆ ಹಕ್ಕಿ. ನಾನು ನೋಡುವಷ್ಟರಲ್ಲಿ ಜನ ಒಳಗೆ ಬಂದಾಗಿತ್ತು. ಎಲ್ಲರೂ ತಮ್ಮ ಕಾರ್ಡು ಎತ್ತಿ ಓದಿ, ರೋಡಾಳನ್ನು ನೋಡಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಮೂರು ಗಂಟೆ ಅಕ್ಕಾ. ನಾನು ಎತ್ತ ತಿರುಗಿದರೂ ಒಂದು ಮಡಿಲು, ಅದರಲ್ಲಿ ನನ್ನ ಸುಳ್ಳು.

ಹಾಡು ಎತ್ತಿದರು. ರೋಡಾ ಕಿವಿ ಮುಚ್ಚಿ ಕಿರುಚಿದಳು, ಯಾವತ್ತಿಗಿಂತ ಜೋರಾಗಿ. ಯಾರೂ ತಿರುಗಿ ನೋಡಲಿಲ್ಲ. ಹಾಡಿನ ದನಿ ತಗ್ಗಿಸಿದರು. ಅವಳಿಗೋಸ್ಕರ ತಗ್ಗಿಸಿದರು. ವಿಲ್ಮಕ್ಕ ಪಕ್ಕಕ್ಕೆ ಸರಿದು ಬೆನ್ನು ಸವರಿ "ಪಾಪ, ಹುಟ್ಟುವಾಗ್ಲೇ ಉಸಿರು ಸಿಗದ ಕೂಸು" ಎಂದು ಪಿಸುಗುಟ್ಟಿದರು. ನನ್ನ ಕೈ ಏಪ್ರನ್ ಜೇಬಿನಲ್ಲಿ ನಿನ್ನ ಕಾಗದದ ಮೇಲಿತ್ತು. ಮಗಳು ಕಿರುಚುತ್ತಿದ್ದಾಳೆ, ಅದೇ ದನಿ, ಹುಟ್ಟಿದ ದಿನ ಕೇಳಿದ ಅದೇ ದನಿ. ಉಸಿರಿಲ್ಲದ ಮಗುವಿಗೆ ಹಾಗೆ ಕಿರುಚಲು ಆಗುತ್ತದೆಯೇ? ನಿನ್ನ ಪರವಾಗಿ ಅವಳೊಬ್ಬಳೇ ಸಾಕ್ಷಿ ಹೇಳುತ್ತಿದ್ದಳು, ನಾನು ಅವಳ ಬಾಯಿ ಮುಚ್ಚಿಸುತ್ತಾ ಕೂತಿದ್ದೆ.

ಊಟದ ಮೇಜಿನಲ್ಲಿ ಹೇಳಿದೆ. ಬ್ರೆಡ್ಡಿಗೆ ಶೇಂಗಾ ಬೆಣ್ಣೆ ಹಚ್ಚುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಪತ್ರಿಕೆಯಲ್ಲಿ ಬಂದದ್ದು ನಿಜವಲ್ಲ, ನನ್ನ ಅಕ್ಕ ನನ್ನ ಮಾತು ನಂಬಿ ಬರೆದಳು, ಸುಳ್ಳು ನನ್ನದು ಎಂದೆ. ಎರಡನೇ ಸಲ ಹೇಳಬೇಕಾಯಿತು. ವಿಲ್ಮಕ್ಕ ಚಾಕು ಕೆಳಗಿಟ್ಟರು.

"ಹಂಗಾದ್ರೆ ಈ ಮಗೂಗೆ ಏನಾಗಿದೆ ಮ್ಯಾಟಿ?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ವಿಲ್ಮಕ್ಕ ತಮ್ಮ ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ಶಾಲು ಹೊದ್ದು ಹೊರಟರು. ಕೆಲವರು ಬಿಟ್ಟು ಹೋದರು, ಕೆಲವರು ತೆಗೆದುಕೊಂಡು ಹೋದರು. ಶಾಲೆಯ ವಿಷಯ ಮತ್ತೆ ಮಾತಾಡಬೇಕು ಎಂದು ಅಪ್ಪಂದಿರು ಆಟ್ಲೀಗೆ ಹೇಳಿದ್ದಾರೆ. ಬಿಷಪ್ಪರು ಮುಂದಿನ ಆರಾಧನೆಯಲ್ಲಿ ನಾನು ಎಲ್ಲರೆದುರು ಮಂಡಿಯೂರಿ ತಪ್ಪೊಪ್ಪಿಕೊಳ್ಳಬೇಕು ಎಂದಿದ್ದಾರೆ. ಊರುತ್ತೇನೆ. ಆಟ್ಲೀ ಸುಳ್ಳೆಂದು ಗೊತ್ತಿದ್ದೂ ಸುಮ್ಮನಿದ್ದರಂತೆ. ರಾತ್ರಿ ಊಟಕ್ಕೆ ಕೂತಾಗ "ನಂಗೂ ವಿಲ್ಮಕ್ಕನ ಆ ಪೈ ರುಚಿಯಾಗಿತ್ತು ಮ್ಯಾಟಿ" ಎಂದು ತಲೆ ತಗ್ಗಿಸಿದರು.

ಪತ್ರಿಕೆಗೂ ಬರೆದಿದ್ದೇನೆ, ನನ್ನ ಹೆಸರು ಹಾಕಿ. ಲೇಯಾಗೆ ಈ ಕಾಗದ ಓದಿಸು. ಅವಳ ಹತ್ತಿರ ಹೋಗು ಅಕ್ಕಾ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಹೋಗು, ಅಷ್ಟೇ.

ಮ್ಯಾಟಿ

*

ಒಹಾಯೊ
ಡಿಸೆಂಬರ್ ೧೨

ಮ್ಯಾಟಿ,

ನಿನ್ನ ಕಾಗದವನ್ನು ಒಲೆಗೆ ಹಾಕಲು ಮುಚ್ಚಳ ತೆಗೆದಿದ್ದೆ. ಐವನ್ ಬಂದು ಕೈ ಹಿಡಿದುಕೊಂಡ, ಅವನಿಗೆ ಕಾಗದ ಸುಡುವುದು ಇಷ್ಟವಿಲ್ಲ. ಹಾಗಾಗಿ ಉಳಿದಿದೆ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಹಿಟ್ಟು ನಾದುತ್ತಾ ಒಬ್ಬಳೇ ಬೈದೆ. ಇನ್ನೂ ಪೂರ್ತಿ ಹೋಗಿಲ್ಲ. ಆಗದಿದ್ದರೆ ಆಗದು ಎಂದು ಬರೆ ಎಂದು ನಿನಗೆ ಹೇಳಿದ್ದೆನಲ್ಲ, ಈಗ ನಾನೂ ಹಾಗೇ ಬರೆಯುತ್ತಿದ್ದೇನೆ.

ಲೇಯಾಗೆ ಮಂಗಳವಾರ ಹೆಣ್ಣು ಮಗು. ನಾನು ಹೋಗಿದ್ದೆ. ಕೈ ಹಿಂದಕ್ಕೆ ಎಳೆದುಕೊಂಡೆ. ಕ್ಲಾರಾ ಹಿಂದೆ ನಿಂತು "ನೀನೇ ಹಿಡಿ, ನಾನಿದೀನಿ" ಎಂದಳು. ಹಿಡಿದೆ. ಮಗು ಅತ್ತಿತು. ಆ ಸದ್ದಿಗೆ ನಾನು ಮಗುವನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ಲೇಯಾ ಹೆದರಿದಳು.

ನೀನು ಮಂಡಿಯೂರಿದ ಭಾನುವಾರ ನಾನು ಇಲ್ಲಿ ಬೆಂಚಿನ ಮೇಲೆ ಕೂತು ನಿನ್ನನ್ನೇ ನೆನೆಯುತ್ತಿದ್ದೆ. ಪಾತ್ರೆ ಒರೆಸಿದ ಹೆಂಗಸಿಗೆ ನಾನೂ ಒಂದು ಕಾಗದ ಹಾಕಿದ್ದೇನೆ. ರೋಡಾ ನನ್ನ ತಂಗಿಯ ಮಗಳು ಎಂದು ಅದರಲ್ಲಿ ಬರೆದಿದ್ದೇನೆ. ಜನವರಿಯಲ್ಲಿ ಐವನ್‌ನನ್ನು ಕರೆದುಕೊಂಡು ಬರುತ್ತೇನೆ. ಶಾಲೆಯವರು ಬೇಡ ಎಂದರೆ ಬೇಡ, ನಾವು ಅಡುಗೆಮನೆಯಲ್ಲೇ ಓದಿಸೋಣ. ಗುಂಡಿ ಹೊಲಿಯುವುದನ್ನು ನಿಲ್ಲಿಸಬೇಡ. ಬಣ್ಣದ ದಾರ ಹಾಕಬೇಡ, ಬಟ್ಟೆಯದೇ ಬಣ್ಣದ್ದು ಹಾಕು, ಅಷ್ಟೂ ಗೊತ್ತಾಗುವುದಿಲ್ಲವೇ ನಿನಗೆ?

ಜೊತೆಯಲ್ಲಿರುವ ಕಾರ್ಡು ರೋಡಾಗೆ. ನೀನು ಓದಿ ಹೇಳು.

ಸಲೋಮಾ

*

ರೋಡಾ,

ಇದು ಕಾಯಿಲೆಗೆ ಕಳಿಸಿದ ಕಾರ್ಡಲ್ಲ. ಇದರಲ್ಲಿ ಹಕ್ಕಿ ಇಲ್ಲ, ಕುದುರೆ ಇಲ್ಲ, ಹೂವೂ ಇಲ್ಲ. ಬರೀ ಹಿಮ ಇದೆ. ಆದ್ದರಿಂದ ಇದನ್ನು ಬೇರೆ ಇಡು.

ನೀನು ಹುಟ್ಟಿದ ದಿನ ಇಷ್ಟೇ ಹಿಮ ಬಿದ್ದಿತ್ತು. ನಿನ್ನನ್ನು ಮೊದಲು ಹಿಡಿದದ್ದು ನಾನು. ನೀನು ಎಷ್ಟು ಜೋರಾಗಿ ಕಿರುಚಿದೆ ಎಂದರೆ ಕೊಟ್ಟಿಗೆಯಲ್ಲಿದ್ದ ನಿನ್ನಪ್ಪ ಹಾಲಿನ ಬಕೆಟ್ಟು ಬಿಟ್ಟು ಓಡಿ ಬಂದರು. ನಿನ್ನಮ್ಮ ನಕ್ಕಳು. ಅಷ್ಟು ಒಳ್ಳೆಯ ಸದ್ದನ್ನು ನಾನು ಇನ್ನೊಂದು ಕೇಳಿಲ್ಲ.

ದೊಡ್ಡಮ್ಮ